ಸುಂಕದವನು ಯಾರು?: ಗಾದೆಯ ಕಟ್ಟೆಯಿಂದ 1962ರ ಸೀಮಾಸುಂಕ ಕಾಯ್ದೆಯವರೆಗೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಕನ್ನಡ ನಾಡಿನ ಬಹುತೇಕ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿದೆ. ಕೆಲವೆಡೆ 'ಸುಖದುಃಖ' ಎಂಬುದರ ಸ್ಥಾನದಲ್ಲಿ 'ಕಷ್ಟಸುಖ' ಬರುತ್ತದೆ. 'ಮುಂದೆ' ಎಂಬುದು 'ಹತ್ತಿರ' ಎಂದಾಗುತ್ತದೆ. ಪಾಠಾಂತರಗಳು ಏನೇ ಇದ್ದರೂ ಗಾದೆಯ ಒಡಲಿನಲ್ಲಿರುವ ಚಿತ್ರ ಒಂದೇ. ದಾರಿಯ ಬದಿಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಕುಳಿತ ಒಬ್ಬ ಮನುಷ್ಯ, ಅವನೆದುರು ಹೊರೆ ಇಳಿಸಿ ನಿಂತ ಇನ್ನೊಬ್ಬ. ನಿಂತವನಿಗೆ ಹೇಳಿಕೊಳ್ಳಲು ಬಹಳವಿದೆ. ಕುಳಿತವನಿಗೆ ಕೇಳಿಸಿಕೊಳ್ಳುವ ಅಗತ್ಯವಿಲ್ಲ. ಕೇಳಿಸಿಕೊಂಡರೂ ಅದರಿಂದ ಸುಂಕ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಅಧಿಕಾರದ ಕಿವುಡನ್ನು ಇಷ್ಟು ಕಡಿಮೆ ಮಾತುಗಳಲ್ಲಿ ಹಿಡಿದಿಟ್ಟ ಗಾದೆಗಳು ವಿರಳ.

ಈ ಗಾದೆಯ ಸುಂಕದವನು ಇಂದು ರಸ್ತೆಯ ಕಟ್ಟೆಯ ಮೇಲಿಲ್ಲ. ಆತ ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ದೇಶದ ಭೂಗಡಿಯ ಠಾಣೆಯಲ್ಲಿ ಇದ್ದಾನೆ. ಅವನನ್ನು ನೇಮಿಸುವ, ಅವನ ಎಲ್ಲೆಯನ್ನು ಗೊತ್ತುಮಾಡುವ, ಅವನ ಕೈಗೆ ಅಧಿಕಾರ ಕೊಟ್ಟು ಅದೇ ಕೈಯನ್ನು ಕಟ್ಟಿಹಾಕಲು ಯತ್ನಿಸುವ ಶಾಸನವೇ 1962ರ ಸೀಮಾಸುಂಕ ಕಾಯ್ದೆ, ಅರ್ಥಾತ್ ಜನಬಳಕೆಯ ಕಸ್ಟಮ್ಸ್ ಕಾಯ್ದೆ. ಗಾದೆ ಹೇಳುವುದಕ್ಕೂ ಕಾಯ್ದೆ ಹೇಳುವುದಕ್ಕೂ ಇರುವ ಅಂತರ ಸ್ವಾರಸ್ಯಕರವಾದುದು. ಸುಂಕದವನ ಮುಂದೆ ಆಡಿದ ಮಾತು ವ್ಯರ್ಥ ಎನ್ನುತ್ತದೆ ಗಾದೆ. ಕಾಯ್ದೆಯ ದೃಷ್ಟಿಯಲ್ಲಾದರೋ ಆ ಮಾತು ವ್ಯರ್ಥವಲ್ಲ, ಅದು ಸಾಕ್ಷ್ಯ. ಹಾಗಾದರೆ ಕಾನೂನಿನ ಅರ್ಥದಲ್ಲಿ ಸುಂಕದವನು ಯಾರು ಎಂಬ ಪ್ರಶ್ನೆ ಕೇವಲ ಪಾರಿಭಾಷಿಕವಾದುದಾಗಿ ಉಳಿಯುವುದಿಲ್ಲ. ಆ ಪ್ರಶ್ನೆಯ ನೆಲೆಯಲ್ಲಿ ಈ ಕಾಯ್ದೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಡಿನೊಳಗಿನ ಕಟ್ಟೆಗಳು

ಕನ್ನಡ ಶಾಸನಗಳಲ್ಲಿ ಸುಂಕದ ಪರಿಭಾಷೆ ಸಮೃದ್ಧವಾಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕ ಎಂದರೆ ಹಿರಿದಾದ ಸುಂಕ. ಮುಂದೆ ಅದೇ ಹೆಜ್ಜುಂಕವಾಯಿತು. ಸುಂಕದ ಆಡಳಿತ ನೋಡಿಕೊಳ್ಳುತ್ತಿದ್ದವನು ಸುಂಕವೆರ್ಗಡೆ. ಈ ಅಧಿಕಾರಿಗಳು ತಮ್ಮ ವಶದಲ್ಲಿದ್ದ ಸುಂಕದ ಆದಾಯದ ಒಂದು ಭಾಗವನ್ನು ದೇವಾಲಯಕ್ಕೋ ಅಗ್ರಹಾರಕ್ಕೋ ದತ್ತಿಯಾಗಿ ಬಿಟ್ಟ ದಾಖಲೆಗಳು ಹೇರಳವಾಗಿವೆ. ಹಿರಿಯ ಸುಂಕದ ಎದುರಿಗೆ ಕಿಱುಕುಳ ಎಂಬ ಚಿಲ್ಲರೆ ಬಾಬುಗಳ ಸುಂಕವೂ ಶಾಸನಗಳಲ್ಲಿ ಕಾಣಿಸುತ್ತದೆ. ಇಂದಿನ ಕನ್ನಡದಲ್ಲಿ ಕಿರುಕುಳ ಎಂದರೆ ಉಪದ್ರವ, ಪೀಡನೆ. ಸುಂಕದ ಅನುಭವವೊಂದರಿಂದಲೇ ಈ ಅರ್ಥಪಲ್ಲಟವಾಯಿತೆಂದು ತೀರ್ಮಾನಿಸುವುದು ಆತುರವಾದೀತು. ಆದರೆ ಹೊರೆ ಹೊತ್ತವನ ಕಿವಿಗೆ ಎರಡೂ ಅರ್ಥಗಳು ಬಹಳ ದೂರದವಾಗಿ ಕೇಳಿಸಿರಲಾರವು.

12ನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಒಬ್ಬ. ಸುಂಕ ವಸೂಲಿಯೇ ಅವನ ಕಾಯಕ, ಬಂಕೇಶ್ವರಲಿಂಗ ಅವನ ಅಂಕಿತ. ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡ ಈ ವಚನಕಾರನನ್ನು ನೆನೆದರೆ, ಗಾದೆ ಹೇಳುವ ಕಿವುಡ ಸುಂಕದವನೊಬ್ಬನೇ ನಮ್ಮ ಪರಂಪರೆಯಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ವ್ರಜ ಪ್ರದೇಶದ ದಾನಲೀಲೆಯ ಪರಂಪರೆಯಲ್ಲಂತೂ ದೇವರೇ ಸುಂಕದವನು. ಹಾಲು ಮೊಸರು ಮಾರಲು ಹೊರಟ ಗೋಪಿಯರನ್ನು ಕೃಷ್ಣ ದಾರಿಯಲ್ಲಿ ಅಡ್ಡಗಟ್ಟಿ 'ದಾನ' ಕೇಳುತ್ತಾನೆ; ಅಲ್ಲಿ ದಾನವೆಂದರೆ ದಾರಿಸುಂಕ. ಗೋವರ್ಧನದ ದಾನಘಾಟಿ ಎಂಬ ಸ್ಥಳನಾಮ ಈ ಲೀಲೆಯ ನೆನಪನ್ನು ಉಳಿಸಿಕೊಂಡಿದೆ. ಗೋಪಿಯರು ಬಾಯಿಮುಚ್ಚಿ ಸುಂಕ ಕೊಡುವವರಲ್ಲ. ನಿನಗೆ ಈ ಅಧಿಕಾರ ಕೊಟ್ಟವರಾರು ಎಂದು ಜಗಳಕ್ಕೆ ನಿಲ್ಲುವವರು. ಈ ಪ್ರಶ್ನೆಯೇ ಮುಂದೆ ಬೇರೊಂದು ರೂಪದಲ್ಲಿ ಸರ್ವೋಚ್ಚ ನ್ಯಾಯಾಲಯದ ಎದುರು ಬಂದುದನ್ನು ನೋಡಲಿದ್ದೇವೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಎಲ್ಲ ಕಟ್ಟೆಗಳೂ ನಾಡಿನ ಒಳಗಿದ್ದವು. ಪೇಟೆಯ ಬಾಗಿಲು, ಹೊಳೆಯ ಕಡವು, ಘಟ್ಟದ ಬಾಯಿ ಇವೇ ಸುಂಕದ ಸ್ಥಾನಗಳು. ಬೆಂಗಳೂರಿನ ಸುಂಕದಕಟ್ಟೆ ಇಂದು ಮಹಾನಗರದ ಒಂದು ಬಡಾವಣೆಯಷ್ಟೇ. ಹೆಸರು ಮಾತ್ರ ಹಳೆಯ ವ್ಯವಸ್ಥೆಯದು. ಒಳನಾಡಿನ ಕಟ್ಟೆಗಳನ್ನು ತೆಗೆದು, ಒಂದೇ ಕಟ್ಟೆಯನ್ನು ದೇಶದ ಅಂಚಿಗೆ ಒಯ್ದು ನಿಲ್ಲಿಸಿದ್ದು ಆಧುನಿಕ ರಾಷ್ಟ್ರದ ಲಕ್ಷಣ. ಭಾರತದ ಸಂವಿಧಾನ ಆಮದು ರಫ್ತು ಸುಂಕವನ್ನು ಕೇಂದ್ರಪಟ್ಟಿಯ 83ನೆಯ ನಮೂದಿನಲ್ಲಿ ಇರಿಸಿದೆ. ಸುಂಕದ ಗಡಿ ಯಾವುದೆಂದು ನಿರೂಪಿಸುವ ಅಧಿಕಾರವನ್ನು ಅದೇ ಪಟ್ಟಿಯ 41ನೆಯ ನಮೂದಿನಲ್ಲಿ ಕೇಂದ್ರಕ್ಕೆ ಕೊಟ್ಟಿದೆ. 301ನೆಯ ವಿಧಿ ದೇಶದೊಳಗಿನ ವಾಣಿಜ್ಯ ಮುಕ್ತವಾಗಿರಬೇಕೆನ್ನುತ್ತದೆ.

ಈ ಸ್ಥಳಾಂತರ ಸುಲಭವಾಗಿ ಆದುದಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿಯೂ ದೇಶೀ ಸಂಸ್ಥಾನಗಳ ಅಂಚಿನಲ್ಲಿ ಸುಂಕದ ಗೆರೆಗಳು ಇದ್ದವು. ಕಾಠಿಯಾವಾಡದ ಕಡೆಯಿಂದ ಬರುವ ರೈಲು ಪ್ರಯಾಣಿಕರನ್ನು ವೀರಮ್‌ಗಾಂನಲ್ಲಿ ತಡೆದು ಶೋಧಿಸುವ ವ್ಯವಸ್ಥೆಯಿಂದ ಆಗುತ್ತಿದ್ದ ಕಷ್ಟಗಳನ್ನು 1915ರಲ್ಲಿ ಒಬ್ಬ ದರ್ಜಿ ಗಾಂಧೀಜಿಯವರ ಗಮನಕ್ಕೆ ತಂದ. ಗಾಂಧೀಜಿಯವರು ಬೊಂಬಾಯಿಯ ಗವರ್ನರರಲ್ಲಿಯೂ ಬಳಿಕ ವೈಸರಾಯ್ ಚೆಲ್ಮ್ಸ್‌ಫರ್ಡ್ ಅವರಲ್ಲಿಯೂ ವಿಷಯ ಪ್ರಸ್ತಾಪಿಸಿದರು. 1917ರಲ್ಲಿ ಆ ಸುಂಕದ ಗೆರೆ ತೆರವಾಯಿತು. ಕಟ್ಟೆಯವನ ಮುಂದೆ ಹೇಳಿ ಫಲವಿಲ್ಲದ ಸುಖದುಃಖವನ್ನು ಕಟ್ಟೆ ಕಟ್ಟಿಸಿದವನ ಮುಂದೆಯೇ ಹೇಳಿದ ಪ್ರಸಂಗವಿದು.

ಕ್ಯಾಸಲ್‌ರಾಕ್ ಎಂಬ ಗಡಿ

1962ಕ್ಕೆ ಮುಂಚೆ ಭಾರತದಲ್ಲಿ ಸುಂಕದ ಶಾಸನ ಒಂದಾಗಿರಲಿಲ್ಲ. ಸಮುದ್ರ ಮಾರ್ಗಕ್ಕೆ 1878ರ ಕಡಲಸುಂಕ ಕಾಯ್ದೆ, ಭೂಮಾರ್ಗಕ್ಕೆ 1924ರ ಭೂಸುಂಕ ಕಾಯ್ದೆ. ವಿಮಾನ ಬಂದಮೇಲೆ ಅದಕ್ಕೊಂದು ಸ್ವತಂತ್ರ ಸುಂಕ ಕಾಯ್ದೆ ಹುಟ್ಟಲಿಲ್ಲ. ವಿಮಾನ ಕಾಯ್ದೆಯ ಮೂಲಕ ಹಡಗಿನ ಕಾನೂನನ್ನೇ ವಿಮಾನಕ್ಕೂ ಅನ್ವಯಿಸಲಾಯಿತು.

ಭೂಗಡಿಯ ಸುಂಕ ಎಂದಾಗ ಇಂದು ಪಂಜಾಬ, ಬಂಗಾಳಗಳ ಚಿತ್ರ ಕಣ್ಣೆದುರು ಬರುತ್ತದೆ. ಪಾಕಿಸ್ತಾನ ಸುಂಕದ ಮಟ್ಟಿಗೆ ವಿದೇಶವೆಂದು ಪರಿಗಣಿತವಾದದ್ದು 1948ರಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಕನ್ನಡ ನಾಡಿಗೇ ಒಂದು ವಿದೇಶೀ ಭೂಗಡಿ ಇತ್ತು ಎಂಬುದು ಈಗ ಅನೇಕರಿಗೆ ಮರೆತುಹೋಗಿದೆ. ಅದು ಪೋರ್ಚುಗೀಸರ ಗೋವೆಯ ಗಡಿ. ಉತ್ತರ ಕನ್ನಡದ ಘಟ್ಟದ ನೆತ್ತಿಯ ಮೇಲಿರುವ ಕ್ಯಾಸಲ್‌ರಾಕ್ ರೈಲು ನಿಲ್ದಾಣ ಆ ಗಡಿಯ ಸುಂಕದ ಠಾಣೆಯಾಗಿತ್ತು. ಮುರಗಾಂವ ಬಂದರಿನಿಂದ ದೂಧ್‌ಸಾಗರದ ಬದಿಯಲ್ಲಿ ಘಟ್ಟ ಏರಿ ಬರುವ ಪೋರ್ಚುಗೀಸ್ ಕಡೆಯ ಹಳಿ ಇಲ್ಲಿ ಈ ಕಡೆಯ ಹಳಿಯನ್ನು ಕೂಡುತ್ತಿತ್ತು.

ಈ ಗಡಿಯ ಚರಿತ್ರೆಯಲ್ಲಿ ಒಂದು ಅಪರೂಪದ ಅಧ್ಯಾಯವಿದೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಲಿಸ್ಬನ್ನಿನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಎರಡೂ ಪ್ರದೇಶಗಳ ನಡುವಿನ ಸುಂಕದ ಗಡಿಯನ್ನೇ ತೆಗೆದುಹಾಕಲಾಯಿತು. 1880ರಿಂದ 1892ರವರೆಗೆ, ಹನ್ನೆರಡು ವರ್ಷಗಳ ಕಾಲ, ಈ ಒಪ್ಪಂದ ಜಾರಿಯಲ್ಲಿತ್ತು. ಪ್ರತಿಯಾಗಿ ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಗೆ ಬಂದಿತು. ಉಪ್ಪಿನಾಗರಗಳನ್ನು ನಂಬಿದ ಗೋವೆಯ ಜನರಿಗೆ ಅದರಿಂದ ಕಷ್ಟವಾಯಿತು. ಒಪ್ಪಂದದ ಅವಧಿ ಮುಗಿದಾಗ ಅದನ್ನು ನವೀಕರಿಸಲಿಲ್ಲ. ಘಟ್ಟದ ನೆತ್ತಿಗೆ ಸುಂಕದವನು ಮರಳಿ ಬಂದ.

1955ರಲ್ಲಿ ಗೋವೆಯೊಂದಿಗಿನ ರೈಲು ಸಂಚಾರ ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿತು. ಅಲ್ಲಿಗೆ ಕನ್ನಡ ನಾಡಿನ ವಿದೇಶೀ ಭೂಗಡಿ ಇಲ್ಲವಾಗಿ, ಕಡಲ ಗಡಿಯೊಂದೇ ಉಳಿಯಿತು. ಇದಾದ ಒಂದು ವರ್ಷದೊಳಗೆ, 1962ರ ಡಿಸೆಂಬರ್ 13ರಂದು, ಹೊಸ ಸೀಮಾಸುಂಕ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಎರಡು ಘಟನೆಗಳಿಗೂ ಕಾರ್ಯಕಾರಣ ಸಂಬಂಧವಿಲ್ಲ. ಕ್ಯಾಸಲ್‌ರಾಕಿನ ಮಟ್ಟಿಗೆ ಮಾತ್ರ ಹಳೆಯ ಕಾನೂನು ಮತ್ತು ಹಳೆಯ ಗಡಿ ಹೆಚ್ಚುಕಡಿಮೆ ಒಟ್ಟಿಗೇ ಕೊನೆಗೊಂಡವು.

ಕಾಯ್ದೆ ಕಟ್ಟಿದ ಕಟ್ಟೆ

1962ರ 52ನೆಯ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. 1878ರ ಮತ್ತು 1924ರ ಕಾಯ್ದೆಗಳು ರದ್ದಾದವು. ಕಡಲು, ನೆಲ, ಆಕಾಶ ಮೂರೂ ದಾರಿಗಳಿಗೆ ಒಂದೇ ಶಾಸನವಾಯಿತು. ಇದರ ಬೆನ್ನಿಗೇ ಬಂದ 1963ರ ಕೇಂದ್ರೀಯ ಕಂದಾಯ ಮಂಡಳಿಗಳ ಕಾಯ್ದೆ, 1924ರಿಂದ ಒಂದೇ ಆಗಿದ್ದ ಕಂದಾಯ ಮಂಡಳಿಯನ್ನು 1964ರ ಜನವರಿ 1ರಿಂದ ಇಬ್ಭಾಗ ಮಾಡಿತು. ನೇರ ತೆರಿಗೆಗೆ ಒಂದು ಮಂಡಳಿ, ಅಬಕಾರಿ ಮತ್ತು ಸೀಮಾಸುಂಕಕ್ಕೆ ಇನ್ನೊಂದು. ಎರಡನೆಯದೇ, ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ, 2018ರಲ್ಲಿ ಕೇಂದ್ರೀಯ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿ ಎಂದು ಹೆಸರು ಬದಲಿಸಿಕೊಂಡಿತು.

ಕಾಯ್ದೆಯ 3ನೆಯ ಪ್ರಕರಣ ಅಧಿಕಾರಿಗಳ ವರ್ಗಗಳನ್ನು ಹೇಳುತ್ತದೆ. 4ನೆಯದು ಅವರ ನೇಮಕವನ್ನು, 5ನೆಯದು ಅಧಿಕಾರವನ್ನು. 1995ರಲ್ಲಿ ಕಲೆಕ್ಟರ್ ಎಂಬ ಪದನಾಮ ಹೋಗಿ ಕಮಿಷನರ್ ಎಂಬುದು ಬಂದಿತು. 7 ಮತ್ತು 8ನೆಯ ಪ್ರಕರಣಗಳು ಜಾನಪದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದವು, ಏಕೆಂದರೆ ಕಟ್ಟೆ ಎಲ್ಲಿರಬೇಕೆಂದು ಗೊತ್ತುಮಾಡುವುದು ಅವೇ. ಯಾವ ಬಂದರು, ಯಾವ ವಿಮಾನ ನಿಲ್ದಾಣ, ಯಾವ ಭೂಠಾಣೆ ಸುಂಕದ ಸ್ಥಾನ ಎಂಬುದು ಅಧಿಸೂಚನೆಯಿಂದ ನಿಶ್ಚಯವಾಗಬೇಕು. ಅದರೊಳಗೆ ಸುಂಕದ ಪ್ರದೇಶದ ಮೇರೆಗಳನ್ನು ಗುರುತಿಸಬೇಕು. ಹಿಂದಿನ ಊರುಗಳಲ್ಲಿ ಎಲ್ಲೆಕಲ್ಲು ನೆಡುತ್ತಿದ್ದ ಕ್ರಿಯೆಯ ಕಾಗದದ ರೂಪವಿದು. ಅಧಿಸೂಚಿತವಲ್ಲದ ದಡದಲ್ಲಿ ಸರಕು ಇಳಿಸಿದರೆ, ಸುಂಕ ಕೊಡಲು ಸಿದ್ಧನಿದ್ದರೂ ಅದು ತಪ್ಪು. ಈ ಕಟ್ಟೆಯನ್ನು ಬಳಸಿ ಹೋಗುವುದು ಮಾತ್ರವಲ್ಲ, ಕಟ್ಟೆ ಇಲ್ಲದ ಕಡೆ ದಾಟುವುದೂ ಅಪರಾಧ.

ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಘಟ್ಟಕುಟೀಪ್ರಭಾತ ನ್ಯಾಯ ಎಂಬುದೊಂದಿದೆ. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ಅಲೆದವನಿಗೆ ಬೆಳಗಾಗುವುದು ಸುಂಕದ ಗುಡಿಸಲಿನ ಎದುರಿನಲ್ಲೇ. ನಮ್ಮ ಶಾಸನಕರ್ತರಿಗೆ ಈ ನ್ಯಾಯ ನೆನಪಿತ್ತೋ ಇಲ್ಲವೋ, 1969ರ ತಿದ್ದುಪಡಿಯಲ್ಲಿ ಅವರು ಗುಡಿಸಲನ್ನೇ ವಿಸ್ತರಿಸಿದರು. ಕರಾವಳಿಯಿಂದ ಅಥವಾ ಗಡಿಯಿಂದ ಒಳಕ್ಕೆ 100 ಕಿಲೋಮೀಟರು ಮೀರದ ಪಟ್ಟಿಯೊಂದನ್ನು ಅಧಿಸೂಚಿಸಿ, ಅಲ್ಲಿ ಕೆಲವು ಸರಕುಗಳ ದಾಸ್ತಾನು ಮತ್ತು ಸಾಗಣೆಯ ಮೇಲೆ ನಿಗಾ ಇಡುವ ಅವಕಾಶವನ್ನು ಆ ತಿದ್ದುಪಡಿ ಕಲ್ಪಿಸಿತು. ಇತ್ತ 2018ರ ತಿದ್ದುಪಡಿಯಿಂದ ಭಾರತದ ಸುಂಕದ ಜಲಪ್ರದೇಶ ಅನನ್ಯ ಆರ್ಥಿಕ ವಲಯದವರೆಗೆ, ಎಂದರೆ 200 ನಾವಿಕ ಮೈಲಿಗಳವರೆಗೆ, ಚಾಚಿಕೊಂಡಿತು. ಅಂಚಿಗೆ ಹೋಗಿ ನಿಂತ ಕಟ್ಟೆ ಎರಡೂ ಕಡೆಗೆ ಬೆಳೆಯಿತೆನ್ನಬಹುದು.

ಹೇಳಿಕೊಂಡ ಸುಖದುಃಖ

ಗಾದೆಯ ಮೂಲ ಪ್ರಶ್ನೆಗೆ ಬರುವುದಾದರೆ, ಕಾಯ್ದೆಯ 108ನೆಯ ಪ್ರಕರಣ ಎಲ್ಲಕ್ಕಿಂತ ಮುಖ್ಯವಾದುದು. ಗೆಜೆಟೆಡ್ ದರ್ಜೆಯ ಸುಂಕಾಧಿಕಾರಿ ಯಾವ ವ್ಯಕ್ತಿಯನ್ನಾದರೂ ಕರೆಸಿ ಹೇಳಿಕೆ ಪಡೆಯಬಹುದು. ಕರೆ ಬಂದವನು ಹಾಜರಾಗಲೇಬೇಕು, ನಿಜವನ್ನೇ ಹೇಳಬೇಕು. ಆ ವಿಚಾರಣೆ ನ್ಯಾಯಿಕ ನಡವಳಿಯೆಂದು ಪರಿಗಣಿತವಾಗುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣದ ನಿಯಮವಾಗಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಸುಂಕಾಧಿಕಾರಿ ಪೊಲೀಸನೇ? ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹಳೆಯ ಕಾಯ್ದೆಗಳ ಸಂದರ್ಭದಲ್ಲಿ ಬರಕತ್ ರಾಮ್ ಮೊಕದ್ದಮೆಯಲ್ಲಿಯೂ, 1968ರಲ್ಲಿ ರಮೇಶಚಂದ್ರ ಮೆಹತಾ ಮೊಕದ್ದಮೆಯಲ್ಲಿಯೂ ಹೇಳಿತು. ಸುಂಕಾಧಿಕಾರಿಯ ಮುಖ್ಯ ಕೆಲಸ ಅಪರಾಧ ಪತ್ತೆಯಲ್ಲ, ರಾಜ್ಯದ ಆದಾಯದ ರಕ್ಷಣೆ ಎಂಬುದು ಅದರ ಹಿಂದಿನ ತರ್ಕ. ಹೀಗಾಗಿ ಪೊಲೀಸ್ ಠಾಣೆಯಲ್ಲಿ ಆಡಿದರೆ ಸಾಕ್ಷ್ಯವಾಗದ ಮಾತು ಸುಂಕದ ಕಚೇರಿಯಲ್ಲಿ ಆಡಿದರೆ ಸಾಕ್ಷ್ಯವಾಗುತ್ತದೆ. ಸುಂಕದವನು ಕಿವುಡನೆಂದು ತಿಳಿದ ಜನಪದಕ್ಕೆ ಇದು ಅನಿರೀಕ್ಷಿತ. ಹಳ್ಳಿಯಿಂದ ಕೊಲ್ಲಿ ರಾಷ್ಟ್ರಕ್ಕೆ ದುಡಿಯಲು ಹೋಗಿ ಮಂಗಳೂರಿಗೆ ಬಂದಿಳಿಯುವ ಕರಾವಳಿಯ ಕೂಲಿಕಾರನಿಗೆ ಪೊಲೀಸನಿಗೂ ಸುಂಕದವನಿಗೂ ಇರುವ ಈ ವ್ಯತ್ಯಾಸ ಗೊತ್ತಿರುವುದು ಕಷ್ಟ. ಸಮವಸ್ತ್ರ ಮಾತ್ರ ಅವನಿಗೆ ಕಾಣುತ್ತದೆ.

ಅವನ ಬಳಿ ಚಿನ್ನವಿದ್ದರೆ ಇನ್ನೊಂದು ಪ್ರಕರಣ ಎದುರಾಗಬಹುದು. ಕಳ್ಳಸಾಗಣೆಯದೆಂಬ ಸಮಂಜಸ ನಂಬಿಕೆಯಿಂದ ವಶಪಡಿಸಿಕೊಂಡ ಚಿನ್ನ, ಕೈಗಡಿಯಾರ ಮೊದಲಾದವು ಕಳ್ಳಸಾಗಣೆಯವಲ್ಲವೆಂದು ತೋರಿಸುವ ಹೊಣೆ 123ನೆಯ ಪ್ರಕರಣದ ಮೇರೆಗೆ ಅವು ಯಾರ ವಶದಲ್ಲಿದ್ದವೋ ಅವರದೇ. ಆರೋಪ ಹೊರಿಸಿದವನೇ ರುಜುವಾತು ಮಾಡಬೇಕೆಂಬ ಸಾಮಾನ್ಯ ನಿಯಮ ಇಲ್ಲಿ ತಿರುವುಮುರುವಾಗಿದೆ. 1955ರಲ್ಲಿ ಹಳೆಯ ಕಡಲಸುಂಕ ಕಾಯ್ದೆಗೆ ಸೇರಿಸಿದ ಪ್ರಕರಣವೊಂದರ ಮುಂದುವರಿಕೆ ಇದು. ಕಳ್ಳಸಾಗಣೆಗೆ ಸಾಕ್ಷಿಗಳು ಸಿಗುವುದಿಲ್ಲ ಎಂಬ ಸರಕಾರದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಅಜ್ಜಿಯಿಂದ ಮೊಮ್ಮಗಳಿಗೆ ರಸೀದಿಯಿಲ್ಲದೆ ಬರುವ ಒಡವೆಯೇ ಸಂಪತ್ತಾಗಿರುವ ಸಮಾಜದಲ್ಲಿ ಈ ಹೊಣೆಯ ಭಾರ ಎಲ್ಲರಿಗೂ ಒಂದೇ ಆಗಿರಲಾರದು.

ಹಾಗೆಂದು ಕಾಯ್ದೆ ಏಕಮುಖವಾದುದಲ್ಲ. ಶೋಧನೆಗೆ ಒಳಗಾಗುವವನು ಬಯಸಿದರೆ ತನ್ನನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಲು ಕೇಳಬಹುದು. ಹೆಂಗಸನ್ನು ಹೆಂಗಸೇ ಶೋಧಿಸಬೇಕು. ಇವು 102ನೆಯ ಪ್ರಕರಣದ ಮಾತುಗಳು. ಮುಟ್ಟುಗೋಲು ಹಾಕುವ ಮುನ್ನ ಕಾರಣ ಕೇಳುವ ನೋಟಿಸು ಕೊಟ್ಟು, ಮಾಲಿಕನ ಅಹವಾಲು ಕೇಳಲೇಬೇಕೆಂದು 124ನೆಯ ಪ್ರಕರಣ ವಿಧಿಸುತ್ತದೆ. ಸುಂಕದವನಿಗೆ ಕಿವಿಯನ್ನು ಕಾನೂನೇ ಜೋಡಿಸಿದ ಸ್ಥಳವಿದು. ಅವನ ತೀರ್ಮಾನ ಸರಿಯೆನಿಸದಿದ್ದರೆ ಮೇಲ್ಮನವಿಯ ದಾರಿಯಿದೆ. 1982ರಲ್ಲಿ ಸ್ಥಾಪಿತವಾದ ಮೇಲ್ಮನವಿ ನ್ಯಾಯಾಧಿಕರಣದ ಪೀಠವೊಂದು ಬೆಂಗಳೂರಿನಲ್ಲಿಯೂ ಇದೆ. 136ನೆಯ ಪ್ರಕರಣವಂತೂ ಸುಂಕದವನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ನಂಬಲು ಕಾರಣವಿಲ್ಲದೆ ಶೋಧಿಸಿದ ಅಥವಾ ಬಂಧಿಸಿದ ಅಧಿಕಾರಿಗೆ ಆರು ತಿಂಗಳವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ. ಕಾಗದದ ಮೇಲೆ ಇದು ದೊಡ್ಡ ಮಾತು. ಆದರೆ ಆ ಮೊಕದ್ದಮೆ ನಡೆಯಲು ಮೇಲಿನವರ ಮಂಜೂರಾತಿ ಬೇಕೆಂದು ಮುಂದಿನ ಪ್ರಕರಣವೇ ಹೇಳುತ್ತದೆ. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್ವಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಸುಂಕಾಧಿಕಾರಿ ಪೊಲೀಸನಲ್ಲವೆಂಬ ನಿಲುವನ್ನು ಉಳಿಸಿಕೊಂಡೇ, ಬಂಧಿತನಿಗೆ ದಂಡಪ್ರಕ್ರಿಯಾ ಸಂಹಿತೆ ನೀಡುವ ರಕ್ಷಣೆಗಳು ಇಲ್ಲಿಯೂ ಅನ್ವಯಿಸುತ್ತವೆಂದು ಸ್ಪಷ್ಟಪಡಿಸಿತು.

ಯುಕ್ತ ಅಧಿಕಾರಿ

ನಿನಗೆ ಈ ಅಧಿಕಾರ ಕೊಟ್ಟವರಾರು ಎಂಬ ಗೋಪಿಯರ ಪ್ರಶ್ನೆ ಕಾಯ್ದೆಯಲ್ಲಿ 'ಯುಕ್ತ ಅಧಿಕಾರಿ' ಎಂಬ ಪದದ ಸುತ್ತ ಸುತ್ತುತ್ತದೆ. ಇಂಥ ಕೆಲಸಕ್ಕೆಂದು ಮಂಡಳಿಯೋ ಕಮಿಷನರರೋ ಗೊತ್ತುಮಾಡಿದ ಅಧಿಕಾರಿಯೇ ಆ ಕೆಲಸಕ್ಕೆ ಯುಕ್ತ ಅಧಿಕಾರಿ ಎಂದು 2ನೆಯ ಪ್ರಕರಣ ನಿರೂಪಿಸುತ್ತದೆ. ಕಡಿಮೆ ಬಿದ್ದ ಸುಂಕವನ್ನು 28ನೆಯ ಪ್ರಕರಣದಡಿ ಕೇಳುವ ನೋಟಿಸು ಅವನಿಂದಲೇ ಬರಬೇಕು. ಕಂದಾಯ ಗುಪ್ತಚರ ನಿರ್ದೇಶನಾಲಯ 1957ರಲ್ಲಿ ಸ್ಥಾಪಿತವಾದ ಸಂಸ್ಥೆ. ದೇಶದ ದೊಡ್ಡ ಕಳ್ಳಸಾಗಣೆ ಪ್ರಕರಣಗಳನ್ನು ಪತ್ತೆಹಚ್ಚುವುದು ಅದರ ಕೆಲಸ. ಆ ನಿರ್ದೇಶನಾಲಯದ ಅಧಿಕಾರಿ ಇಂಥ ನೋಟಿಸು ಕೊಡಬಹುದೇ?

ಸುಂಕ ನಿರ್ಧರಣೆಯ ಕೆಲಸ ವಹಿಸಲ್ಪಟ್ಟ ಅಧಿಕಾರಿಗೆ ಮಾತ್ರ ಆ ಅಧಿಕಾರ ಎಂದು 2011ರಲ್ಲಿ ಸೈಯದ್ ಅಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷ ಸಂಸತ್ತು ತಿದ್ದುಪಡಿಯ ಮೂಲಕ ಹಿಂದಿನ ನೋಟಿಸುಗಳನ್ನು ಉಳಿಸಿಕೊಳ್ಳಲು ನೋಡಿತು. 2021ರ ಮಾರ್ಚ್ 9ರಂದು ಕ್ಯಾನನ್ ಇಂಡಿಯಾ ಮೊಕದ್ದಮೆಯಲ್ಲಿ ವಿಷಯ ಮತ್ತೆ ಬಂದಿತು. ಆಮದಾದ ಡಿಜಿಟಲ್ ಕ್ಯಾಮೆರಾಗಳಿಗೆ ಸುಂಕದ ವಿನಾಯಿತಿ ಸಲ್ಲುತ್ತಿತ್ತೇ ಎಂಬುದು ಮೂಲ ವಿವಾದ. ತೀರ್ಪು ನಿಂತದ್ದು ಇಂಗ್ಲಿಷಿನ 'ದಿ' ಎಂಬ ಒಂದು ಪುಟ್ಟ ಪದದ ಮೇಲೆ. ಕಾಯ್ದೆ 'ದಿ' ಯುಕ್ತ ಅಧಿಕಾರಿ ಎನ್ನುತ್ತದೆ; ಆದ್ದರಿಂದ ಮೊದಲು ಸರಕನ್ನು ನೋಡಿ ಬಿಟ್ಟುಕೊಟ್ಟ ಆ ಅಧಿಕಾರಿಯೇ, ಅಥವಾ ಅದೇ ಸ್ಥಾನದಲ್ಲಿ ಬಂದವನೇ ನೋಟಿಸು ಕೊಡಬೇಕು, ಬೇರೊಬ್ಬನಲ್ಲ. ಕನ್ನಡದಲ್ಲಿ ಇಂಥ ನಿರ್ದೇಶಕ ಪದವಿಲ್ಲ. 'ಸುಂಕದವನ ಮುಂದೆ' ಎಂದರೆ ಆ ಒಬ್ಬ ಸುಂಕದವನೂ ಆಗಬಹುದು, ಯಾವ ಸುಂಕದವನೂ ಆಗಬಹುದು. ಗಾದೆಗೆ ಆ ಅನಿಶ್ಚಿತತೆಯೇ ಬಲ. ಕಾಯ್ದೆ ಕನ್ನಡದಲ್ಲಿ ರಚಿತವಾಗಿದ್ದರೆ ಈ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ.

ತೀರ್ಪಿನ ಪರಿಣಾಮವಾಗಿ ನಿರ್ದೇಶನಾಲಯದ ಅಧಿಕಾರಿಗಳು ಕೊಟ್ಟಿದ್ದ ಅನೇಕ ನೋಟಿಸುಗಳು ಅಲುಗಾಡಿದವು. ಕ್ಯಾಮೆರಾಕ್ಕೆ ಸುಂಕ ಬೀಳುತ್ತದೆಯೇ ಎಂಬ ಪ್ರಶ್ನೆ ಹಿಂದೆ ಸರಿದು, ಕೇಳಿದವನು ಕೇಳತಕ್ಕವನೇ ಎಂಬುದು ಮುಂದೆ ಬಂದಿತು. 2022ರ ಹಣಕಾಸು ಕಾಯ್ದೆ 3ನೆಯ ಪ್ರಕರಣವನ್ನು ವಿಸ್ತರಿಸಿ, ಈ ನಿರ್ದೇಶನಾಲಯದ ಅಧಿಕಾರಿಗಳನ್ನೂ ಸುಂಕಾಧಿಕಾರಿಗಳ ವರ್ಗದಲ್ಲಿ ಹೆಸರಿಸಿತು. ಹಿಂದಿನ ಕ್ರಮಗಳನ್ನು ಸಿಂಧುಗೊಳಿಸಿತು.

ಬೇರೆ ದೇಶಗಳಲ್ಲಿ ಗಡಿಯ ಕೆಲಸಗಳನ್ನು ಒಂದೇ ಸಂಸ್ಥೆಯಡಿ ತರುವ ಪ್ರವೃತ್ತಿ ಈ ಶತಮಾನದಲ್ಲಿ ಬಲಗೊಂಡಿತು. ಅಮೆರಿಕದಲ್ಲಿ 2003ರಲ್ಲಿ ಸುಂಕ, ವಲಸೆ ತಪಾಸಣೆ ಮತ್ತು ಗಡಿಗಸ್ತು ಒಂದಾದವು. ಕೆನಡಾದ ಗಡಿ ಸೇವಾ ಸಂಸ್ಥೆಗೆ 2005ರಲ್ಲಿ ಕಾಯ್ದೆಯಾಯಿತು. ಆಸ್ಟ್ರೇಲಿಯಾ 2015ರಲ್ಲಿ ಅದೇ ಹಾದಿ ಹಿಡಿಯಿತು. ಭಾರತ ಹಾಗೆ ಮಾಡಲಿಲ್ಲ. ಇಲ್ಲಿ ಸುಂಕ ಹಣಕಾಸು ಸಚಿವಾಲಯದ್ದು. 1965ರಲ್ಲಿ ಹುಟ್ಟಿದ ಗಡಿ ಭದ್ರತಾ ಪಡೆ ಗೃಹ ಸಚಿವಾಲಯದ್ದು. 1978ರ ಕಾಯ್ದೆಯ ಕರಾವಳಿ ರಕ್ಷಣಾ ಪಡೆ ರಕ್ಷಣಾ ಸಚಿವಾಲಯದ್ದು. ಭೂಗಡಿಯ ಠಾಣೆಗಳ ಕಟ್ಟಡ ಮತ್ತು ನಿರ್ವಹಣೆ 2010ರ ಕಾಯ್ದೆಯ ಭೂಬಂದರು ಪ್ರಾಧಿಕಾರದ್ದು. ಇವುಗಳ ನಡುವಣ ಕೊಂಡಿ ಸೀಮಾಸುಂಕ ಕಾಯ್ದೆಯ 6ನೆಯ ಪ್ರಕರಣ. ಸುಂಕಾಧಿಕಾರಿಯ ಕೆಲಸವನ್ನು ಕೇಂದ್ರದ, ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಯಾವ ಅಧಿಕಾರಿಗಾದರೂ ಅಧಿಸೂಚನೆಯಿಂದ ವಹಿಸಿಕೊಡಬಹುದೆಂದು ಅದು ಹೇಳುತ್ತದೆ. ಕಡಲಿನಲ್ಲಿ ದೋಣಿ ತಡೆಯುವ ಕರಾವಳಿ ರಕ್ಷಕನೂ ಗಡಿಯಲ್ಲಿ ಗಂಟು ಬಿಚ್ಚಿಸುವ ಯೋಧನೂ ಅಷ್ಟರಮಟ್ಟಿಗೆ ಸುಂಕದವರೇ. ಹೀಗೆ ಒಂದೇ ಗಡಿಗೆ ಅನೇಕ ಕೈಗಳಿರುವ ವ್ಯವಸ್ಥೆಯಲ್ಲಿ ಯುಕ್ತ ಅಧಿಕಾರಿಯ ಪ್ರಶ್ನೆ ಮತ್ತೆ ಮತ್ತೆ ಏಳುವುದು ಸಹಜ.

ಕ್ಯಾನನ್ ತೀರ್ಪಿನ ಪುನರ್ವಿಮರ್ಶೆಗೆ ಸರಕಾರ ಹಾಕಿದ ಅರ್ಜಿ 2024ರ ನವೆಂಬರ್ 7ರಂದು ಇತ್ಯರ್ಥವಾಯಿತು. ಮೂವರು ನ್ಯಾಯಮೂರ್ತಿಗಳ ಪೀಠ 2021ರ ನಿಲುವನ್ನು ಬದಲಿಸಿ, ನಿರ್ದೇಶನಾಲಯದ ಅಧಿಕಾರಿಗಳೂ 28ನೆಯ ಪ್ರಕರಣದ ಮಟ್ಟಿಗೆ ಯುಕ್ತ ಅಧಿಕಾರಿಗಳೇ ಎಂದು ತೀರ್ಮಾನಿಸಿತು. 2022ರ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಅಧಿಕಾರವ್ಯಾಪ್ತಿಯ ಒಂದೇ ಕಾರಣಕ್ಕೆ ವಿವಿಧ ನ್ಯಾಯಾಲಯಗಳಲ್ಲಿ ನಿಂತಿದ್ದ ಪ್ರಕರಣಗಳಲ್ಲಿ ಸರಕು ಯಾವುದು, ಅದಕ್ಕೆ ಬೀಳುವ ಸುಂಕ ಎಷ್ಟು ಎಂಬ ವಿಚಾರಣೆಗೆ ದಾರಿ ತೆರೆಯಿತು.